ಕಂಠಗಾನದ ಮುದ್ರಣ: ರೂಢಿಯಲ್ಲಿರುವ ಕೆಲವು ತಪ್ಪುಗಳು



ತಲಕಾಡಿನ ಸಮೀಪದಲ್ಲಿ ಕಾವೇರಿಯು ಮುಡುಕಿಕೊಂಡು ಹರಿಯುವ ಎಡೆಯಲ್ಲಿ ಸೋಮಗಿರಿಯೆಂಬ ಗುಡ್ಡವುಂಟು. ಗುಡ್ಡದ ಮೇಲೆ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನಸ್ವಾಮಿಯ ಗುಡಿ. ಕೆಳಗಿನ ಊರು ಮುಡುಕುತೊರೆ. ಮಾಘಮಾಸದ ಜಾತ್ರೆಗೆ ಇಲ್ಲಿ ಜನರಿಗಿಂತ ರಾಸುಗಳೇ ಹೆಚ್ಚೆಂಬಂತೆ ದನಗಳು ಬಂದು ಸೇರುವುವು. ಈ ಸೀಮೆಯ ಜಾತ್ರೆಗಳಲ್ಲಿ ಕಿವಿಗೊಟ್ಟು ನಡೆಯುವವನಿಗೆ ಎರಡು ಬಗೆಯ ಹಾಡುಗಾರರು ದೊರೆಯುವರು. ತಂಬೂರಿ ಹಿಡಿದು ಮಂಟೇಸ್ವಾಮಿ ಸಿದ್ಧಪ್ಪಾಜಿಯರ ಕಥೆಯನ್ನು ಹಾಡುವ ನೀಲಗಾರರು ಒಂದು ಬಗೆ; ಕಂಸಾಳೆಯನ್ನು ಬಡಿಯುತ್ತ ಮಾದೇಶ್ವರನ ಮಹಿಮೆಯನ್ನು ಹಾಡುವ ದೇವರಗುಡ್ಡರು ಇನ್ನೊಂದು ಬಗೆ. ಇರುಳೆಲ್ಲ ಹಾಡಿದರೂ ಮುಗಿಯದ ಕಾವ್ಯಗಳಿವು. ಇವುಗಳನ್ನು ಯಂತ್ರದಲ್ಲಿ ಹಿಡಿದಿಡಬೇಕೆಂದು ಹೊರಡುವ ಉತ್ಸಾಹಿಗಳು ಹಲವರು. ಆದರೆ ತಂದುದನ್ನು ಮನೆಯಲ್ಲಿ ಕೇಳಿ ನೋಡಿದರೆ, ಹಾಡು ಇದ್ದರೂ ಹಾಡುಗಾರನಿರುವುದಿಲ್ಲ. ಇದೇಕೆ ಹೀಗಾಗುವುದೆಂಬುದನ್ನು ತಿಳಿಯಲು ಮುದ್ರಣದ ಚರಿತ್ರೆಯನ್ನು ತುಸು ನೋಡಬೇಕಾಗುವುದು; ಏಕೆಂದರೆ ನಮ್ಮ ತಪ್ಪುಗಳಲ್ಲಿ ಹಲವು ಹಳೆಯ ಯಂತ್ರಗಳಿಂದ ಬಳುವಳಿಯಾಗಿ ಬಂದವು.

ಗ್ರಾಮಫೋನ್ ಕಂಪೆನಿಯ ಗೈಸ್‌ಬರ್ಗ್ ಎಂಬಾತನು 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡನು. ಆಗ ವಿದ್ಯುತ್ತಿನ ನೆರವಿರಲಿಲ್ಲ. ಗೋಡೆಯಿಂದ ಚಾಚಿದ ತುತ್ತೂರಿಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ಆ ಧ್ವನಿಯ ಬಲದಿಂದಲೇ ಮುಳ್ಳು ನಡುಗಿ ಮೇಣದ ತಟ್ಟೆಯಲ್ಲಿ ಗೀರು ಕೊರೆಯಬೇಕು. ಮೆಲ್ಲಗೆ ಹಾಡಿದರೆ ಗೀರೇ ಬೀಳದು; ತಾರಸ್ಥಾಯಿಯಲ್ಲಿ ಮುಖವನ್ನು ಹಿಂದಕ್ಕೆ ತೆಗೆಯದಿದ್ದರೆ ಮುಳ್ಳು ಹಾರುವುದು. ಸ ಶ ಷ ಎಂಬ ಊಷ್ಮಾಕ್ಷರಗಳ ಸೂಕ್ಷ್ಮ ಕಂಪನಗಳು ಆ ತುತ್ತೂರಿಯಲ್ಲಿ ಬಹುಮಟ್ಟಿಗೆ ನಷ್ಟವಾಗುತ್ತಿದ್ದುವು. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಮಾತ್ರ. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದುದನ್ನು ಕೆಲವರು ಆಕೆಯ ಅಭಿಮಾನವೆಂದು ಬಗೆದಿರುವರು. ಸಂಗತಿ ಬೇರೆ. ಆ ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಾಗಿದ್ದುವು. ಯಾರ ಹಾಡೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಈ ಮಹಾ ಗಾಯಕಿಯು 1928ರಲ್ಲಿ ನಮ್ಮ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಈ ಊರಿನಲ್ಲಿಯೇ ತೀರಿಕೊಂಡರು.

1925ರಿಂದೀಚೆಗೆ ಮೈಕ್ರೋಫೋನು ಬಳಕೆಗೆ ಬಂದಿತು. ಆ ಬಳಿಕ ಕೂಗುವ ಅಗತ್ಯವಿರಲಿಲ್ಲ. ಆದರೆ ಕೂಗುವ ಅಭ್ಯಾಸ ಉಳಿಯಿತು. ಇದು ಹಾಡುಗಾರರ ದೋಷವೆಂದು ನಾನು ಹೇಳಲಾರೆ. ಸಾವಿರ ಜನರ ಸಭೆಗೆ ಬರಿಯ ಕೊರಳಿನಿಂದ ಹಾಡಿ ಬೆಳೆದವರು ಅವರು. ಮುಡುಕುತೊರೆಯಿಂದ ಅನತಿದೂರದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಹೂಡಿದುದಕ್ಕೆ ಇದ್ದ ಕಾರಣವೂ ಇದೇ: ಸಭೆಯ ಕೊನೆಯ ಸಾಲಿನಲ್ಲಿ ಕುಳಿತವನಿಗೂ ವಾದ್ಯವು ಕೇಳಿಸಬೇಕು. ಅಂತಹ ಕಾಲದ ಕೊರಳನ್ನು ಒಂದು ಗೇಣು ದೂರದ ಮೈಕ್ರೋಫೋನಿನ ಮುಂದೆ ನಿಲ್ಲಿಸಿದರೆ ಆಗುವ ಅನರ್ಥವನ್ನು ಊಹಿಸಬಹುದು.

ದೂರದ ವಿಷಯದಲ್ಲಿ ಎರಡು ಬಗೆಯ ತಪ್ಪುಗಳುಂಟು. ಯಂತ್ರವನ್ನು ತುಟಿಗೆ ತಾಗುವಂತೆ ಹಿಡಿದರೆ ಪಕಾರ ಬಕಾರಗಳಲ್ಲಿ ಉಸಿರು ಬಡಿದು ಗುದ್ದಿನಂತಹ ಸದ್ದಾಗುವುದು. ಮಂದ್ರವು ಅಳತೆ ಮೀರಿ ಉಬ್ಬುವುದು. ದೂರವನ್ನು ಎರಡರಷ್ಟು ಮಾಡಿದರೆ ನೇರವಾಗಿ ಬರುವ ಧ್ವನಿಯ ಬಲವು ಕಾಲುಪಾಲಿಗಿಳಿದು, ಸುತ್ತಲಿನ ಗದ್ದಲವು ಮುಂದೆ ಬರುವುದು. ಒಂದರಿಂದ ಒಂದೂವರೆ ಗೇಣಿನಷ್ಟು ದೂರ, ಅದೂ ಬಾಯಿಗೆ ತೀರ ನೇರವಾಗಿಯಲ್ಲದೆ ತುಸು ಓರೆಯಾಗಿ ಇಟ್ಟರೆ ಒಬ್ಬನ ಕಂಠಕ್ಕೆ ಸಾಧಾರಣವಾಗಿ ಸರಿಹೋಗುವುದು. ಆದರೆ ದೇವರಗುಡ್ಡನು ಒಬ್ಬನೇ ಹಾಡುವವನಲ್ಲ. ಅವನ ಕೈಯ ಕಂಸಾಳೆಯು ಕಂಚಿನದು. ಅದರ ಒಂದು ಬಡಿತವು ಕೊರಳನ್ನು ನುಂಗಿಬಿಡುವುದು. ಮುದ್ರಿಸುವವನು ಹಾಡಿನ ಮಾತನ್ನು ಕೇಳಿ ಯಂತ್ರದ ಮಟ್ಟವನ್ನು ನಿಲ್ಲಿಸಿಕೊಳ್ಳುವನು. ಕಂಸಾಳೆ ಬಿದ್ದೊಡನೆ ಧ್ವನಿ ಒಡೆಯುವುದು. ಹೀಗೆ ಒಡೆದುದನ್ನು ಬಳಿಕ ಚೆನ್ನಾಗಿ ಕೂಡಿಸುವುದು ಅಸಾಧ್ಯವೆಂದೇ ಹೇಳಬೇಕು. ಇಂದಿನ ಅಂಕೀಯ ಯಂತ್ರಗಳಲ್ಲಿ ಅತ್ಯುಚ್ಚ ಮಟ್ಟಕ್ಕೆ ಹನ್ನೆರಡು ಡೆಸಿಬೆಲ್‌ಗಳಷ್ಟು ತೆರಪು ಬಿಟ್ಟು, ಅತಿ ಜೋರಾದ ಬಡಿತವನ್ನೇ ಮೊದಲು ಪರೀಕ್ಷಿಸತಕ್ಕದ್ದು. ಮಟ್ಟವನ್ನು ತಾನೇ ತಿದ್ದಿಕೊಳ್ಳುವ ಯಂತ್ರಗಳನ್ನು ನಂಬಲಾಗದು. ಅವು ಬಡಿತಕ್ಕೆ ಬೆದರಿ ಹಾಡನ್ನು ತಗ್ಗಿಸುವುವು. ಹಾಡುಗಾರನು ಉಸಿರೆಳೆಯುವಾಗ ಜಾತ್ರೆಯ ಗಲಭೆಯನ್ನೆಲ್ಲ ಎತ್ತಿ ತೋರಿಸುವುವು. ಜೇಬಿನ ದೂರವಾಣಿಯಲ್ಲಿ ಮುದ್ರಿಸುವವರಿಗೆ ಇದು ನಿತ್ಯದ ಅನುಭವ.

ಸ್ಥಳದ ಆಯ್ಕೆಯಲ್ಲಿಯೂ ಮೋಸಹೋಗುವುದುಂಟು. ಕಲ್ಲಿನ ಮಂಟಪವು ಕಣ್ಣಿಗೆ ಗಂಭೀರವಾಗಿದೆಯೆಂದು ಹಾಡುಗಾರರನ್ನು ಅಲ್ಲಿ ಕೂರಿಸುವರು. ಕಲ್ಲು ಧ್ವನಿಯನ್ನು ಹೀರದೆ ಹಿಂದಕ್ಕೆಸೆಯುವುದರಿಂದ ಒಂದು ಮಾತಿನ ಬಾಲವು ಮುಂದಿನ ಮಾತಿನ ತಲೆಯ ಮೇಲೆ ಬೀಳುವುದು. ಹೊಳೆಯ ದಡಕ್ಕೆ ಹೋದರೆ ಗಾಳಿ. ಇವೆರಡಕ್ಕಿಂತ ಹುಲ್ಲಿನ ಮೆದೆಯ ಮರೆಯೇ ಮೇಲು. ಹುಲ್ಲು ಗಾಳಿಯನ್ನು ತಡೆಯುವುದು, ಧ್ವನಿಯನ್ನೂ ಹೀರುವುದು. ಮನೆಯೊಳಗಾದರೆ ಗೋಡೆಗೆ ಎರಡು ಕಂಬಳಿಗಳನ್ನು ತೂಗುಹಾಕಿದರೆ ಸಾಕು. ಇದಕ್ಕೆ ಪಟ್ಟಣದ ಸಲಕರಣೆಗಳೇನೂ ಬೇಕಿಲ್ಲ.

ಇವೆಲ್ಲವೂ ಕೈಯ ತಪ್ಪುಗಳು, ಕಲಿತರೆ ಹೋಗುವುವು. ತಿಳಿವಿನ ತಪ್ಪುಗಳು ಇವಕ್ಕಿಂತ ಕೆಟ್ಟವು. ಮೂರು ನಿಮಿಷದ ತಟ್ಟೆಯು ಬಳಕೆ ತಪ್ಪಿ ಎಷ್ಟೋ ಕಾಲವಾದರೂ, ಹಾಡೆಂದರೆ ಐದು ನಿಮಿಷದ್ದು ಎಂಬ ಭಾವನೆಯು ಓದಿದವರ ಮನಸ್ಸಿನಿಂದ ಹೋಗಿಲ್ಲ. “ಸಂಕಮ್ಮನ ಸಾಲಿನಲ್ಲಿ ಒಳ್ಳೆಯ ಭಾಗವೊಂದನ್ನು ಹಾಡಿ” ಎಂದು ಕೇಳುವರು. ಸಾಲೆಂಬುದು ಮಾದೇಶ್ವರ ಕಾವ್ಯದ ಒಂದು ಪರ್ವದಂತಹುದು. ಹಾಡುಗಾರನು ಅದರೊಳಗೆ ಮೆಲ್ಲಗೆ ಕಾವೇರುತ್ತ ಹೋಗುವನು. ನಡುವಿನಿಂದ ಹಾಡೆಂದರೆ ಅವನು ಹಾಡಿಯಾನು, ಆದರೆ ಕೊರಳು ಇನ್ನೂ ತಣ್ಣಗಿರುವುದು. ಕೆಲವರು ಹಿಮ್ಮೇಳದ ಸೊಲ್ಲು ಪುನರುಕ್ತಿಯೆಂದು ಅದನ್ನು ಬಿಡಿಸುವರು. ಆ ಸೊಲ್ಲಿನ ಅವಧಿಯಲ್ಲಿಯೇ ಮುಂದಾಳು ಮುಂದಿನ ನುಡಿಯನ್ನು ಕಟ್ಟಿಕೊಳ್ಳುವುದು. ಅದನ್ನು ತೆಗೆದರೆ ಅವನ ಕಾಲಕೆಳಗಿನ ನೆಲವನ್ನೇ ತೆಗೆದಂತೆ. ಇನ್ನು ಕೆಲವರು, ವಿಶೇಷವಾಗಿ ನನ್ನಂತಹ ಉಪಾಧ್ಯಾಯ ವರ್ಗದವರು, ಉಚ್ಚಾರಣೆಯನ್ನು ತಿದ್ದುವರು. ಈ ಸೀಮೆಯಲ್ಲಿ ಹಾಡು ಎಂಬುದು ‘ಆಡು’ ಆಗುವುದು, ಭಕ್ತಿಯು ‘ಬಕ್ತಿ’ಯಾಗುವುದು. ಅದು ಅಶುದ್ಧಿಯಲ್ಲ, ಈ ನೆಲದ ಕನ್ನಡವು ಉಸಿರಾಡುವ ರೀತಿ. ತಿದ್ದಿಸಿಕೊಂಡ ಹಾಡುಗಾರನು ಮಾತನ್ನು ಎಚ್ಚರದಿಂದ ಇಡತೊಡಗುವನು, ತಾಳವು ಬಿಗಿಯಾಗುವುದು, ಅರ್ಧ ಗಳಿಗೆಯಲ್ಲಿ ಹಾಡು ಸತ್ತುಹೋಗುವುದು.

ಇದರಿಂದಾಗುವ ನಷ್ಟವು ಅಲ್ಪವಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದ ಆ ಮೊದಲ ಕಾಲದಲ್ಲಿ ಪ್ರಸಾರವೆಂದರೆ ಹಾಡಿದೊಡನೆ ಗಾಳಿಗೆ ಸೇರುವುದು. 1970ರ ದಶಕದಲ್ಲಿ ಪಿ. ಕೆ. ರಾಜಶೇಖರ ಅವರು ಮಾದೇಶ್ವರ ಕಾವ್ಯವನ್ನು ಗಾಯಕರ ಬಾಯಿಂದ ಪಡೆದು ಗ್ರಂಥರೂಪಕ್ಕೆ ತಂದುದರಿಂದ ಮಾತು ಉಳಿಯಿತು. ಎಚ್. ಎಲ್. ನಾಗೇಗೌಡರು ರಾಮನಗರದಲ್ಲಿ 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕವು ಜನಪದರ ಬಾಳಿನ ಸಾಧನಗಳನ್ನು ಕೂಡಿಹಾಕಿತು. ಆದರೆ ಮಾತನ್ನು ಬರೆದಿಡಬಹುದಲ್ಲದೆ ಕೊರಳನ್ನು ಬರೆದಿಡಲಾಗದು. ಗುರುವಿನಿಂದ ಶಿಷ್ಯನಿಗೆ ಬಂದ ಎಳೆತ, ಬಳುಕು, ಅಳುವಿನ ಎಡೆಯಲ್ಲಿ ತಂಬೂರಿಯನ್ನು ತಡೆಹಿಡಿಯುವ ಬಗೆ, ಇವು ಪುಸ್ತಕದಲ್ಲಿಲ್ಲ. ಮುದುಕನಾದ ಹಾಡುಗಾರನೊಬ್ಬನನ್ನು ಒಮ್ಮೆ ಕೆಟ್ಟದಾಗಿ ಮುದ್ರಿಸಿ, ಇನ್ನೊಮ್ಮೆ ನೋಡೋಣವೆಂದು ಬಂದವರಿಗೆ ಆ ಇನ್ನೊಮ್ಮೆಯು ಒದಗುವುದು ಅಪರೂಪ.

ಗೌಹರ್ ಜಾನ್ ಅವರ ಪದ್ಧತಿಯನ್ನು ನಾವು ಬಿಟ್ಟುದು ಒಳ್ಳೆಯದಾಗಲಿಲ್ಲ. ಹೆಸರು, ಊರು, ದಿನ, ಗುರುವಿನ ಹೆಸರು, ಹಾಡುವ ಸಾಲು ಇಷ್ಟನ್ನು ಹಾಡುಗಾರನ ಬಾಯಿಂದಲೇ ಆರಂಭದಲ್ಲಿ ಹೇಳಿಸಿಕೊಂಡರೆ, ಬರೆದ ಚೀಟಿ ಕಳೆದರೂ ಮುದ್ರಣವು ಅನಾಥವಾಗದು. ಮುದ್ರಿಸಿದುದರ ಒಂದೇ ಪ್ರತಿಯನ್ನು ಇಟ್ಟುಕೊಳ್ಳಬಾರದು. ಗದ್ದಲವನ್ನು ತೊಳೆದು ಚೊಕ್ಕಮಾಡಿದ ಪ್ರತಿಯನ್ನು ಮೂಲದ ಮೇಲೆಯೇ ಬರೆಯಲೂ ಬಾರದು. ಹೊರಡುವ ಮುನ್ನ ಆ ಹಾಡುಗಾರರಿಗೇ ಅದನ್ನು ಕೇಳಿಸಿ, ಅವರ ಒಪ್ಪಿಗೆಯನ್ನು ಪಡೆಯತಕ್ಕದ್ದು. “ಇದರಲ್ಲಿ ಸೊಲ್ಲೇ ಕೇಳಾಕಿಲ್ವಲ್ಲ ಬುದ್ಧಿ” ಎಂದು ಹಿಮ್ಮೇಳದವನು ಹೇಳಿದರೆ, ಮೈಕ್ರೋಫೋನನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿ ಮೊದಲಿನಿಂದ ಹಾಡಿಸಬೇಕು.