ಹಸಿರು ಶಾಲು ವಿಧಾನಸೌಧದ ಮೆಟ್ಟಿಲೇರಿದಾಗ

1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಮಲಪ್ರಭೆಯ ನೀರು ಹೊಲಕ್ಕೆ ನೆಟ್ಟಗೆ ಹರಿಯುವ ಮುನ್ನವೇ ಅಭಿವೃದ್ಧಿ ಕರ ಮನೆಬಾಗಿಲಿಗೆ ಬಂದಿತ್ತು. ಅದೇ ವರ್ಷ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ನೇತೃತ್ವ ದೊರೆಯಿತು.

ಚಳವಳಿಯ ಬಲವಿದ್ದುದು ನಿರಾಕರಣೆಯಲ್ಲಿ. ಅನುಮತಿಯಿಲ್ಲದೆ ಅಧಿಕಾರಿಗಳು ಪ್ರವೇಶಿಸಕೂಡದೆಂಬ ಫಲಕಗಳು ಊರ ಮುಂದೆ ಎದ್ದವು. ಸಾಲಕ್ಕಾಗಿ ಜಪ್ತಿಯಾದ ಸಾಮಾನುಗಳನ್ನು ರೈತರು ಮರುಜಪ್ತಿ ಮಾಡಿ ತಂದರು. ನ್ಯಾಯಬೆಲೆ ಕೊಡದ ಸರಕಾರವೇ ರೈತನಿಗೆ ಬಾಕಿದಾರನೆಂಬುದು ಅವರ ವಾದ. ಹಸಿರು ಶಾಲಿನ ಎದುರು ತಹಸೀಲ್ದಾರರೂ ದನಿ ತಗ್ಗಿಸುತ್ತಿದ್ದ ಕಾಲವದು.

ಚುನಾವಣೆಯ ಲೆಕ್ಕವೇ ಬೇರೆ. ಧರಣಿಗೆ ಬಾರದವರೂ ಮತಗಟ್ಟೆಗೆ ಬರುತ್ತಾರೆ. ಹೊಲವುಳ್ಳವನು ಬೆಳೆಗೆ ಬೆಲೆ ಕೇಳಿದರೆ ಹೊಲವಿಲ್ಲದವನು ದುಡಿಮೆಗೆ ಕೂಲಿ ಕೇಳುತ್ತಾನೆ. ಇಬ್ಬರದೂ ಒಂದೊಂದೇ ಮತ. ಈ ತೊಡಕನ್ನು ಸಂಘವು ಬಿಡಿಸಿಕೊಳ್ಳಲಿಲ್ಲವೆಂದೇ ನಮ್ಮ ಅಭಿಪ್ರಾಯ. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದರು. ಅವರು ತೆರವು ಮಾಡಿದ ಧಾರವಾಡ ಗ್ರಾಮೀಣದಿಂದ ನಂಜುಂಡಸ್ವಾಮಿಯವರು ಉಪಚುನಾವಣೆಯಲ್ಲಿ ಗೆದ್ದು ಸದನ ಸೇರಿದರು. ಲಕ್ಷ ಲಕ್ಷ ಜನರನ್ನು ಬೀದಿಗೆ ತಂದ ಸಂಘಕ್ಕೆ ದಕ್ಕಿದ್ದು ಅಷ್ಟೇ. ಮುಂದೆ ಸಂಘ ಒಡೆಯಿತು. ಬಾಬಾಗೌಡರು 1998ರಲ್ಲಿ ಭಾರತೀಯ ಜನತಾ ಪಕ್ಷದಿಂದ ಬೆಳಗಾವಿಯ ಸಂಸದರಾಗಿ, ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು.

ನಾವು ಈಗ ನೆಲೆಸಿರುವ ಈ ನಾಡಿನ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಬಹುದು. 1891ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕುರಿ ಉಣ್ಣೆ ಕತ್ತರಿಸುವವರ ಮುಷ್ಕರ ಸೋತಿತು. ಅದೇ ವರ್ಷ, ನಮ್ಮ ನಾರ್ವೆಸ್ಟ್ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಕಾರ್ಮಿಕ ಸಂಘಗಳ ಬೆಂಬಲದಿಂದ 35 ಮಂದಿ ಶಾಸಕರಾದರು. ಆಮದು ಸುಂಕದ ಪ್ರಶ್ನೆ ಎದ್ದೊಡನೆ ಅವರೂ ಇಬ್ಭಾಗವಾದರು! ಆದರೆ ಅವರು ಒಂದು ಕೆಲಸ ಮಾಡಿದರು: ಪಕ್ಷದ ಶಾಸಕರ ಸಭೆಯ ತೀರ್ಮಾನಕ್ಕೆ ಬದ್ಧನಾಗಿರುವೆನೆಂಬ ಪ್ರತಿಜ್ಞೆಯನ್ನು ಪ್ರತಿ ಅಭ್ಯರ್ಥಿಯಿಂದಲೂ ಪಡೆಯತೊಡಗಿದರು. 1904ರಲ್ಲಿ ಲೇಬರ್ ಪಕ್ಷದ ಕ್ರಿಸ್ ವಾಟ್ಸನ್ ಪ್ರಧಾನಿಯಾದರು. ಶಿಸ್ತಿಗೆ ತೆತ್ತ ಬೆಲೆ ಸಣ್ಣದಲ್ಲ. ಮುಷ್ಕರದ ಬಿಸಿ ಆರಿ, ಪಕ್ಷ ಇತರ ಪಕ್ಷಗಳಂತೆಯೇ ಆಯಿತೆಂದು ಗೊಣಗಿದವರು ಅಂದೂ ಇದ್ದರು.

ನಂಜುಂಡಸ್ವಾಮಿಯವರು 2004ರಲ್ಲಿ ತೀರಿಕೊಂಡರು. 2013ರಲ್ಲಿ ಮೇಲುಕೋಟೆಯಿಂದ ಸರ್ವೋದಯ ಕರ್ನಾಟಕ ಪಕ್ಷದ ಕೆ.ಎಸ್. ಪುಟ್ಟಣ್ಣಯ್ಯನವರು ಗೆದ್ದರು. ಅವರು 2018ರಲ್ಲಿ ನಿಧನರಾದ ಮೇಲೆ, ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದ ಮಗ ದರ್ಶನ್ ಊರಿಗೆ ಮರಳಿ ಚುನಾವಣೆಗೆ ನಿಂತರು. ಮೊದಲು ಸೋತರು, 2023ರಲ್ಲಿ ಗೆದ್ದರು. ಕೊರಳಲ್ಲಿ ಹಸಿರು ಶಾಲು, ಬೆನ್ನಿಗೆ ಕಾಂಗ್ರೆಸ್ಸಿನ ಬೆಂಬಲ.