ಸನ್‌ಓಎಸ್‌ನಿಂದ ಸೋಲಾರಿಸ್‌ಗೆ: ಕಾಣೆಯಾದ ಸಿ ಫಂಕ್ಷನ್‌ಗಳಿಗೆ ಬದಲಿ ಹುಡುಕುವ ಬಗೆ

1992ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸೋಲಾರಿಸ್ 2 ಅನ್ನು ಹೊರತಂದಾಗ ಅದರ ಯೂನಿಕ್ಸ್‌ನ ಬುಡವೇ ಬದಲಾಯಿತು. ಸನ್‌ಓಎಸ್ 4 ಬರ್ಕ್ಲಿಯ ಬಿಎಸ್‌ಡಿ ಪರಂಪರೆಯದು. ಹೊಸದು ಎಟಿ ಅಂಡ್ ಟಿಯ ಸಿಸ್ಟಮ್ 5ರ ನಾಲ್ಕನೆಯ ಆವೃತ್ತಿಯನ್ನು ಆಧರಿಸಿದ್ದು. ಹಳೆಯ ಸಿ ಪ್ರೋಗ್ರಾಂಗಳನ್ನು ಅಲ್ಲಿ ಕಂಪೈಲ್ ಮಾಡಹೊರಟವರಿಗೆ ಬಿಕಾಪಿ, ಬಿಜೀರೋ, ಇಂಡೆಕ್ಸ್, ರ‍್ಯಾಂಡಮ್ ಯಾವುವೂ ಸಿಗುತ್ತಿಲ್ಲವೆಂದು ಲಿಂಕರ್ ದೂರುತ್ತಿತ್ತು. ಸಾಕೆಟ್ ಫಂಕ್ಷನ್‌ಗಳ ತಕರಾರು ಮಾತ್ರ ಸುಲಭದ್ದು: ಅವು ಬೇರೆ ಲೈಬ್ರರಿಗೆ ಹೋಗಿದ್ದವು ಅಷ್ಟೆ, ಲಿಬ್‌ಸಾಕೆಟ್, ಲಿಬ್‌ಎನ್‌ಎಸ್‌ಎಲ್ ಸೇರಿಸಿದರೆ ಮುಗಿಯಿತು.

ಲಿಂಕರ್ ಹೆಸರಿಸುವ ಫಂಕ್ಷನ್‌ಗಳು ನಿಜವಾದ ತೊಡಕಲ್ಲ, ಅವಸರದಲ್ಲಿ ಆರಿಸಿದ ಬದಲಿಗಳೇ ತೊಡಕು ಎಂಬುದು ಈ ಲೇಖನದ ವಾದ. ಬಿಕಾಪಿಯನ್ನೇ ನೋಡಿ. ಅದರ ಜಾಗಕ್ಕೆ ಮೆಮ್‌ಕಾಪಿ ಹಾಕುವುದು ವಾಡಿಕೆ. ಬಿಕಾಪಿಯಲ್ಲಿ ಮೂಲ ಮೊದಲು, ಗುರಿ ಆಮೇಲೆ. ಮೆಮ್‌ಕಾಪಿಯಲ್ಲಿ ಇದು ತಿರುವುಮುರುವು. ಇಷ್ಟನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಬಫರಿನಲ್ಲಿ ಓದಿ ಮುಗಿದ ಭಾಗವನ್ನು ಬಿಟ್ಟು ಉಳಿದದ್ದನ್ನು ಮುಂದಕ್ಕೆ ಸರಿಸುವಾಗ ಮೂಲವೂ ಗುರಿಯೂ ಒಂದರ ಮೇಲೊಂದು ಬೀಳುತ್ತವೆ. ಬಿಕಾಪಿ ಇದನ್ನು ಸರಿಯಾಗಿ ನಿಭಾಯಿಸುತ್ತಿತ್ತು. ಮೆಮ್‌ಕಾಪಿಗೆ ಆ ಹೊಣೆಯಿಲ್ಲ. ಹಾಗಾಗಿ ಅದಕ್ಕೆ ತಕ್ಕ ಬದಲಿ 1989ರ ಆನ್ಸಿ ಸಿಯಲ್ಲಿರುವ ಮೆಮ್‌ಮೂವ್. ರ‍್ಯಾಂಡಮ್‌ನದೂ ಇದೇ ಕಥೆ. ಅದು 31 ಬಿಟ್‌ಗಳ ಸಂಖ್ಯೆ ಕೊಡುತ್ತಿತ್ತು. ಅದರ ಜಾಗಕ್ಕೆ ಹಾಕುವ ಸೋಲಾರಿಸ್‌ನ ರ‍್ಯಾಂಡ್ 32767ನ್ನು ದಾಟುವುದಿಲ್ಲ. ಒಂದು ಲಕ್ಷ ದಾಖಲೆಗಳಲ್ಲಿ ಯಾವುದಾದರೊಂದನ್ನು ಆರಿಸುವ ಪ್ರೋಗ್ರಾಂ ಆಮೇಲೆ ಮೂರನೆಯ ಒಂದು ಭಾಗದಲ್ಲೇ ಸುತ್ತುತ್ತಿರುತ್ತದೆ, ದೋಷದ ಸುಳಿವೇ ಇಲ್ಲದೆ. ಎಲ್‌ರ‍್ಯಾಂಡ್48 ಬಳಸಿದರೆ ವ್ಯಾಪ್ತಿ ಸರಿಹೋಗುತ್ತದೆ, ಸಂಖ್ಯೆಗಳ ಸರಣಿ ಮಾತ್ರ ಬೇರೆ.

ಬಿಎಸ್‌ಡಿ ಹೊಂದಾಣಿಕೆಗೆಂದು ಸನ್ ಕೊಟ್ಟಿದ್ದ ಲಿಬ್‌ಯುಸಿಬಿಯನ್ನು ಸೇರಿಸಿಬಿಟ್ಟರೆ ಸಾಕಲ್ಲವೇ? ಸಾಲದು, ನನ್ನ ಮಟ್ಟಿಗೆ ಅದು ಉಳಿದೆಲ್ಲಕ್ಕಿಂತ ಕೆಟ್ಟ ದಾರಿ. ಅದರೊಳಗಿನ ರೀಡ್‌ಡಿರ್, ಕಡತದ ಹೆಸರನ್ನು ಬಿಎಸ್‌ಡಿ ಕ್ರಮದಂತೆ ರಚನೆಯ ಎಂಟನೆಯ ಬೈಟಿನಿಂದ ಇಡುತ್ತದೆ. ಸೋಲಾರಿಸ್‌ನ ಹೆಡರ್ ನಂಬಿ ಕಂಪೈಲಾದ ಪ್ರೋಗ್ರಾಂ ಹತ್ತನೆಯದರಿಂದ ಓದುತ್ತದೆ. ಫಲವಾಗಿ ಪ್ರತಿ ಹೆಸರಿನ ಮೊದಲ ಎರಡು ಅಕ್ಷರ ಮಾಯ. ಇಂಡೆಕ್ಸ್ ಒಂದು ಸಿಗಲೆಂದು ಸೇರಿಸಿದ ಲೈಬ್ರರಿ, ಕೇಳದೇ ಇದ್ದ ರೀಡ್‌ಡಿರ್ ಅನ್ನೂ ತಂದು ಕೂರಿಸುತ್ತದೆ.

ಹೆಸರು ಉಳಿದು ನಡತೆ ಬದಲಾದವು ಇನ್ನೊಂದು ಬಗೆ. ಸಿಗ್ನಲ್ ಎರಡೂ ಕಡೆ ಇದೆ. ಬಿಎಸ್‌ಡಿಯಲ್ಲಿ ಒಮ್ಮೆ ಹೂಡಿದ ಹ್ಯಾಂಡ್ಲರ್ ಉಳಿಯುತ್ತದೆ. ಸಿಸ್ಟಮ್ 5ರಲ್ಲಿ ಮೊದಲ ಸಿಗ್ನಲ್ ಬಂದೊಡನೆ ಕಳಚಿಕೊಳ್ಳುತ್ತದೆ, ಎರಡನೆಯ ಕಂಟ್ರೋಲ್-ಸಿಗೆ ಪ್ರೋಗ್ರಾಂ ಸಾಯುತ್ತದೆ. ಸಿಗ್‌ಆ್ಯಕ್ಷನ್‌ಗೆ ಬದಲಾಯಿಸಿಕೊಳ್ಳಬೇಕೆಂದು ಲಿಂಕರ್ ಹೇಳುವುದಿಲ್ಲ, ಅದರ ದೃಷ್ಟಿಯಲ್ಲಿ ಏನೂ ಕಾಣೆಯಾಗಿಲ್ಲ.

1991ರಲ್ಲಿ ಶುರುವಾದ ಆಟೋಕಾನ್ಫ್ ಎಂಬ ಸಾಧನ ಇಂಥ ಹುಡುಕಾಟವನ್ನು ಯಂತ್ರಕ್ಕೆ ಒಪ್ಪಿಸಿತು. ಅದರ ಸಾಮಾನ್ಯ ಪರೀಕ್ಷೆಯೂ ಫಂಕ್ಷನ್ ಲಿಂಕ್ ಆಗುತ್ತದೆಯೇ ಎಂದಷ್ಟೇ ನೋಡುತ್ತದೆ. ಮೆಮ್‌ಸಿಎಂಪಿಯ ವಿಷಯದಲ್ಲಾದರೋ ಅದು ಪುಟ್ಟ ಪ್ರೋಗ್ರಾಂ ಬರೆದು ಓಡಿಸಿಯೇ ತೀರ್ಮಾನಿಸುತ್ತದೆ: ಸನ್‌ಓಎಸ್ 4.1.3ರಲ್ಲಿ ಆ ಫಂಕ್ಷನ್ ಇದ್ದರೂ 8 ಬಿಟ್ ದತ್ತಾಂಶವನ್ನು ಸರಿಯಾಗಿ ಹೋಲಿಸುತ್ತಿರಲಿಲ್ಲ.