ಸಾವಿರ ಕಂಬದ ಬಸದಿಯ ಡ್ರ್ಯಾಗನ್

ಬಂಟ್ವಾಳದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಚೀನಾದ ಪಾಠಕ್ಕೆ ಮಕ್ಕಳನ್ನು ಮೂಡುಬಿದಿರೆಗೆ ಕರೆದೊಯ್ಯುತ್ತೇನೆ. 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಗೆ ಅನಂತರ ಸೇರಿದ ಭೈರಾದೇವಿ ಮಂಟಪದ ಜಗತಿಯಲ್ಲಿ ಜಿರಾಫೆಯೂ ಇದೆ, ಚೀನೀ ಡ್ರ್ಯಾಗನ್ನೂ ಇದೆ.

ಆ ಕಾಲವನ್ನು ನೋಡಿ. 1405ರಿಂದ 1433ರವರೆಗೆ ಝೆಂಗ್ ಹೆ ನಾಯಕತ್ವದ ಚೀನಾದ ಮಿಂಗ್ ನೌಕಾಪಡೆ 7 ಬಾರಿ ಹೊರಟು, ನಮ್ಮದೇ ಪಡುಕರಾವಳಿಯ ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂತು. 1414ರಲ್ಲಿ ಬಂಗಾಳದಿಂದ ಜಿರಾಫೆಯೊಂದು ಚೀನಾದ ಆಸ್ಥಾನಕ್ಕೆ ಕಾಣಿಕೆಯಾಗಿ ಹೋಯಿತು. ಕರಿಮೆಣಸು ಹೊರಗೆ ಹೋದ ಹಾದಿಯಲ್ಲೇ ಕಥೆ, ಚಿತ್ರಗಳು ಒಳಗೆ ಬಂದಿರಬೇಕು. ಜೈನ ವರ್ತಕರ ಮೂಡುಬಿದಿರೆ ಪೇಟೆಯಲ್ಲಿ ಶಿಲ್ಪಿ ಅವನ್ನು ಕಲ್ಲಿಗಿಳಿಸಿದ.

ಮುಂದೆ ಚೀನಾ ಆ ಯಾನಗಳನ್ನು ನಿಲ್ಲಿಸಿತು. 1966ರಲ್ಲಿ ಶುರುವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ತನ್ನದೇ ಗುಡಿಗಳನ್ನು ಒಡೆಯಿತು, ಗ್ರಂಥಗಳನ್ನು ಸುಟ್ಟಿತು. 1978ರ ನಂತರ ಕಾರ್ಖಾನೆಗಳನ್ನು ಕಟ್ಟುತ್ತಲೇ ಎಷ್ಟೋ ಗುಡಿಗಳನ್ನು ದುರಸ್ತಿ ಮಾಡಿತು. ನಮ್ಮಲ್ಲೂ ಬದಲಾವಣೆ ಜೋರಾಗಿಯೇ ಬಂತು. 1974ರ ಭೂಸುಧಾರಣೆ ಬೆಳ್ತಂಗಡಿ, ಬಂಟ್ವಾಳದ ಎಷ್ಟೋ ಗೇಣಿದಾರರನ್ನು ಉಳುವ ನೆಲದ ಒಡೆಯರಾಗಿಸಿತು. ಹಳೆಯ ಧಣಿತನ ಕರಗಿತು, ಬಸದಿಯ ಪೂಜೆ ಉಳಿಯಿತು. ಅನ್ಯಾಯವನ್ನು ಬಿಡಲು ಕಲ್ಲನ್ನು ಒಡೆಯಬೇಕಿಲ್ಲ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ.